ರೇಡಿಯೇಟರ್ ನಮ್ಮದು, ಬಾಯ್ಲರ್ ಅವರದು: ಜರ್ಮನಿಯ ಬಾಡಿಗೆ ಮನೆಗಳ ಹೀಟಿಂಗ್ ಲೆಕ್ಕ

ಜರ್ಮನಿಯ ಅಪಾರ್ಟ್‌ಮೆಂಟ್‌ಗಳಿಗೆ ಕಾನೂನು ಒಂದು ಗಡುವು ಕೊಟ್ಟಿದೆ: 2026ರ ಡಿಸೆಂಬರ್ 31. ಇಡೀ ಕಟ್ಟಡಕ್ಕೆ ಒಂದೇ ಬಾಯ್ಲರ್ ಇರುವ ಕಡೆ, ಪ್ರತಿ ಮನೆಯ ಹೀಟಿಂಗ್ ಮೀಟರ್ ಮತ್ತು ಬಿಸಿನೀರಿನ ಮೀಟರ್ ಅಷ್ಟರೊಳಗೆ ದೂರದಿಂದಲೇ ಓದುವಂಥದ್ದಾಗಿರಬೇಕು. ಅಂಕಿ ನೋಡಲು ಯಾರೂ ಮನೆಯೊಳಗೆ ಬರಬೇಕಾಗಬಾರದು. ಅಂಥ ಮೀಟರ್ ಈಗಾಗಲೇ ಇರುವ ಮನೆಗಳಿಗೆ, ಎಷ್ಟು ಶಾಖ ಬಳಸಿದ್ದೀರಿ ಅನ್ನುವುದನ್ನು 2022ರ ಜನವರಿಯಿಂದಲೇ ತಿಂಗಳು ತಿಂಗಳು ತಿಳಿಸಬೇಕು ಅಂತ ನಿಯಮವಿದೆ.

ಲೆಕ್ಕ ಕಣ್ಣಿಗೆ ಬಿದ್ದರೆ ಜನ ಹಿಡಿತದಲ್ಲಿ ಬಳಸುತ್ತಾರೆ, ಬಿಲ್ಲು ಇಳಿಯುತ್ತದೆ. ಇದು ಸರ್ಕಾರದ ಯೋಚನೆ. ತಕ್ಕಮಟ್ಟಿಗೆ ನಿಜವೂ ಹೌದು. ಆದರೆ ಈ ಮೀಟರ್ ಅಳೆಯುವುದು ಬಾಡಿಗೆದಾರನನ್ನು ಮಾತ್ರ. ನೆಲಮಾಳಿಗೆಯಲ್ಲಿ ಕೂತಿರುವ ಬಾಯ್ಲರ್ ಸರಿಯಾಗಿ ಓಡುತ್ತಿದೆಯೋ ಇಲ್ಲವೋ, ಪೈಪಿನಲ್ಲಿ ಎಷ್ಟು ಶಾಖ ಪೋಲಾಗುತ್ತಿದೆ, ಇದನ್ನೆಲ್ಲ ಯಾರೂ ಬಾಡಿಗೆದಾರನಿಗೆ ತಿಂಗಳು ತಿಂಗಳು ಬರೆದು ತಿಳಿಸುವುದಿಲ್ಲ. ಆ ಪೋಲಿನ ದುಡ್ಡನ್ನೂ ಕಟ್ಟುವವನು ಅವನೇ. ಜರ್ಮನಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಾಡಿಗೆ ಮನೆಯಲ್ಲಿದ್ದಾರೆ. ಮ್ಯೂನಿಕ್, ಸ್ಟುಟ್‌ಗಾರ್ಟ್, ಬರ್ಲಿನ್, ಫ್ರಾಂಕ್‌ಫರ್ಟ್‌ಗಳಲ್ಲಿ ಕೆಲಸಕ್ಕೋ ಓದಿಗೋ ಬಂದಿರುವ ಎಷ್ಟೋ ಕನ್ನಡಿಗರೂ ಇದರಲ್ಲಿ ಸೇರಿದ್ದಾರೆ. ಹಾಗಾಗಿ ಈ ಲೆಕ್ಕ ಹೇಗೆ ನಡೆಯುತ್ತದೆ ಅನ್ನುವುದನ್ನು ಬಿಡಿಸಿ ನೋಡುವುದು ಒಳ್ಳೆಯದು.

ಮೊದಲು ವ್ಯವಸ್ಥೆ. ನೆಲಮಾಳಿಗೆಯಲ್ಲಿ ಗ್ಯಾಸ್ ಅಥವಾ ಎಣ್ಣೆಯ ಬಾಯ್ಲರ್ ಇರುತ್ತದೆ. ಕೆಲವು ಊರುಗಳಲ್ಲಿ ಅದರ ಬದಲು ನಗರದ ಶಾಖದ ಪೈಪಿನಿಂದ ಸಂಪರ್ಕ ಇರುತ್ತದೆ. ಬಿಸಿಯಾದ ನೀರನ್ನು ಒಂದು ಪಂಪು ಮೇಲಕ್ಕೆ ತಳ್ಳುತ್ತದೆ. ಅದು ಪ್ರತಿ ಕೋಣೆಯ ರೇಡಿಯೇಟರ್ ಒಳಗೆ ಸುತ್ತಿ, ಶಾಖ ಬಿಟ್ಟು, ತಣ್ಣಗಾಗಿ ವಾಪಸ್ ಬರುತ್ತದೆ. ನೀರು ಎಷ್ಟು ಬಿಸಿ ಇರಬೇಕು ಅಂತ ತೀರ್ಮಾನಿಸುವುದು ಬಾಯ್ಲರಿನ ಕಂಟ್ರೋಲರ್. ಕಟ್ಟಡದ ಹೊರಗೋಡೆಗೆ ಒಂದು ಸಣ್ಣ ಸೆನ್ಸರ್ ಇರುತ್ತದೆ. ಹೊರಗೆ ಚಳಿ ಏರಿದಷ್ಟೂ ನೀರಿನ ಬಿಸಿಯೂ ಏರುತ್ತದೆ. ಎಷ್ಟು ಚಳಿಗೆ ಎಷ್ಟು ಬಿಸಿ ಅನ್ನುವುದನ್ನು ಮೊದಲೇ ಹೊಂದಿಸಿ ಇಟ್ಟಿರುತ್ತಾರೆ. ಇದಕ್ಕೆ ಹೀಟಿಂಗ್ ಕರ್ವ್ ಅನ್ನುತ್ತಾರೆ. ರಾತ್ರಿ ಎಷ್ಟು ಇಳಿಸಬೇಕು, ಪಂಪು ಎಷ್ಟು ಜೋರಾಗಿ ತಳ್ಳಬೇಕು, ಬಿಸಿನೀರಿನ ತೊಟ್ಟಿ ಎಷ್ಟು ಡಿಗ್ರಿಯಲ್ಲಿರಬೇಕು, ಎಲ್ಲವೂ ಅಲ್ಲೇ ನಿರ್ಧಾರ. ಆ ಕೋಣೆಯ ಬೀಗದ ಕೈ ಮಾಲೀಕರ ಹತ್ತಿರವೋ, ಕಟ್ಟಡ ನೋಡಿಕೊಳ್ಳುವ ಹೌಸ್‌ಮೈಸ್ಟರ್ ಹತ್ತಿರವೋ ಇರುತ್ತದೆ.

ಬಾಡಿಗೆದಾರನ ಕೈಯಲ್ಲಿರುವುದು ರೇಡಿಯೇಟರಿನ ಪಕ್ಕದ ಥರ್ಮೋಸ್ಟಾಟ್ ಮಾತ್ರ. 1ರಿಂದ 5ರವರೆಗೆ ಅಂಕಿ. 3ಕ್ಕೆ ಇಟ್ಟರೆ ಕೋಣೆ ಸುಮಾರು 20 ಡಿಗ್ರಿಗೆ ನಿಲ್ಲುತ್ತದೆ. ಒಂದೊಂದು ಅಂಕಿಗೂ ಹೆಚ್ಚುಕಡಿಮೆ 4 ಡಿಗ್ರಿ ವ್ಯತ್ಯಾಸ. ಹೊಸಬರು ಬೇಗ ಬಿಸಿಯಾಗಲಿ ಅಂತ 5ಕ್ಕೆ ತಿರುಗಿಸುತ್ತಾರೆ. ಅದರಿಂದ ಬೇಗ ಬಿಸಿಯಾಗುವುದಿಲ್ಲ. ಕೋಣೆ ತಣ್ಣಗಿದ್ದಾಗ 3ರಲ್ಲೂ ವಾಲ್ವ್ ತೆರೆದೇ ಇರುತ್ತದೆ. 5ರಲ್ಲಿಟ್ಟರೆ ಅದು 28 ಡಿಗ್ರಿ ಆಗುವ ತನಕ ಮುಚ್ಚುವುದಿಲ್ಲ, ಅಷ್ಟೆ. ಕೋಣೆಯ ಬಿಸಿ ಒಂದು ಡಿಗ್ರಿ ಇಳಿಸಿದರೆ ಸುಮಾರು ಶೇ. 6ರಷ್ಟು ಶಾಖ ಉಳಿಯುತ್ತದೆ ಅನ್ನುವುದು ಇಲ್ಲಿ ಎಲ್ಲರೂ ಬಳಸುವ ಅಂದಾಜು. ಹಾಗಾಗಿ ಆ ಪುಟ್ಟ ಅಂಕಿಗೆ ಬೆಲೆ ಇದೆ.

ಖರ್ಚನ್ನು ಮನೆಮನೆಯ ಬಳಕೆಗೆ ತಕ್ಕಂತೆ ಹಂಚಲೇಬೇಕು ಅಂತ ಹೇಳಿದ್ದು 1981ರ ನಿಯಮ. ಇಲ್ಲಿನ ಭಾಷೆಯಲ್ಲಿ ಹೈಟ್ಸ್‌ಕೋಸ್ಟನ್‌ಫೆರೋರ್ಡ್ನುಂಗ್. ಬಳಕೆ ಅಳೆಯದೆ ಚದರ ಮೀಟರ್ ಲೆಕ್ಕದಲ್ಲಿ ಹಂಚಿದರೆ ಕಿಟಕಿ ತೆರೆದು ಮಲಗಿದವನಿಗೂ ಸ್ವೆಟರ್ ಹಾಕಿಕೊಂಡು ಕೂತವನಿಗೂ ಒಂದೇ ಬಿಲ್ಲು. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ನಗರವೇ ಹೀಟಿಂಗ್ ಹಚ್ಚುತ್ತದೆ, ಎಷ್ಟೋ ಮನೆಗಳಲ್ಲಿ ಇಂದಿಗೂ ಚದರ ಮೀಟರ್ ಲೆಕ್ಕದಲ್ಲೇ ದುಡ್ಡು. ಸೆಖೆಯಾದರೆ ಕಿಟಕಿ ತೆರೆಯುವುದೇ ಅಲ್ಲಿ ಸುಲಭದ ದಾರಿ. ಜರ್ಮನಿ ಇದನ್ನು ತಪ್ಪಿಸಿತು. ಒಟ್ಟು ಖರ್ಚಿನ ಶೇ. 50ರಿಂದ 70ರಷ್ಟನ್ನು ಬಳಕೆಯ ಮೇಲೆ ಹಂಚಬೇಕು, ಉಳಿದದ್ದನ್ನು ಮನೆಯ ವಿಸ್ತೀರ್ಣದ ಮೇಲೆ. ಈ ಎರಡನೇ ಭಾಗ ಯಾಕೆ? ಗೋಡೆ ದಾಟಿ ಶಾಖ ಪಕ್ಕದ ಮನೆಗೆ ಹೋಗುತ್ತದೆ. ಸುತ್ತಲಿನವರು ಬೆಚ್ಚಗಿದ್ದರೆ ನಡುವಿನ ಮನೆಯವರು ಹೀಟಿಂಗ್ ಮುಚ್ಚಿಟ್ಟು ಹಾಯಾಗಿರಬಹುದು. ಮೇಲಿನ ಮಹಡಿಯ ಮೂಲೆಮನೆಯವರಿಗೆ ಆ ಭಾಗ್ಯ ಇಲ್ಲ. ಪೂರ್ತಿ ಬಳಕೆಯ ಮೇಲೆ ಹಾಕಿದರೆ ಅವರಿಗೆ ಅನ್ಯಾಯ.

ಇನ್ನು ಅಳೆಯುವ ಬಗೆ. ರೇಡಿಯೇಟರ್ ಮೇಲೆ ಬಿಳಿ ಬಣ್ಣದ ಸಣ್ಣ ಡಬ್ಬಿ ಅಂಟಿಸಿರುತ್ತಾರೆ. ಎಲ್ಲರೂ ಅದನ್ನು ಮೀಟರ್ ಅನ್ನುತ್ತಾರೆ. ಆದರೆ ಅದು ಶಾಖವನ್ನು ನೇರವಾಗಿ ಅಳೆಯುವುದೇ ಇಲ್ಲ. ಒಳಗೆ ಎರಡು ಸೆನ್ಸರ್ ಇರುತ್ತವೆ. ಒಂದು ರೇಡಿಯೇಟರ್ ಎಷ್ಟು ಬಿಸಿ ಅಂತ ನೋಡುತ್ತದೆ, ಇನ್ನೊಂದು ಕೋಣೆಯ ಗಾಳಿ ಎಷ್ಟು ಬಿಸಿ ಅಂತ. ವ್ಯತ್ಯಾಸ ಜಾಸ್ತಿ ಇದ್ದಷ್ಟು ಹೊತ್ತು ಅಂಕಿ ಬೇಗ ಬೇಗ ಏರುತ್ತದೆ. ದೊಡ್ಡ ರೇಡಿಯೇಟರ್ ಜಾಸ್ತಿ ಶಾಖ ಕೊಡುವುದರಿಂದ ಅದರ ಗಾತ್ರಕ್ಕೆ ತಕ್ಕ ಸಂಖ್ಯೆಯಿಂದ ಗುಣಿಸುತ್ತಾರೆ. ಬರುವ ಉತ್ತರ ಕಿಲೋವ್ಯಾಟ್ ಅವರ್ ಅಲ್ಲ, ಬರೀ ಯೂನಿಟ್. ಹಿಂದೆ ಇದೇ ಕೆಲಸವನ್ನು ಗಾಜಿನ ನಳಿಗೆಯಲ್ಲಿ ತುಂಬಿದ ದ್ರವ ಮಾಡುತ್ತಿತ್ತು. ರೇಡಿಯೇಟರ್ ಬಿಸಿಗೆ ಅದು ಆವಿಯಾಗುತ್ತಿತ್ತು, ವರ್ಷಕ್ಕೊಮ್ಮೆ ಒಬ್ಬರು ಬಂದು ಎಷ್ಟು ಇಳಿದಿದೆ ಅಂತ ಗುರುತು ನೋಡಿ ಬರೆದುಕೊಳ್ಳುತ್ತಿದ್ದರು. ಬೇಸಿಗೆಯಲ್ಲೂ ಸ್ವಲ್ಪ ಆವಿಯಾಗುತ್ತದಲ್ವಾ, ಅದಕ್ಕಾಗಿ ಮೊದಲೇ ಗುರುತಿಗಿಂತ ಸ್ವಲ್ಪ ಮೇಲೆ ತುಂಬಿಡುತ್ತಿದ್ದರು.

ಯೂನಿಟ್ ಅನ್ನುವುದು ಬರೀ ಪಾಲು. ಇದನ್ನು ಅರ್ಥ ಮಾಡಿಕೊಳ್ಳದಿದ್ದರೆ ಬಿಲ್ಲೂ ಅರ್ಥವಾಗುವುದಿಲ್ಲ. ಲೆಕ್ಕಕ್ಕಾಗಿ ಒಂದು ಕಟ್ಟಡ ಇಟ್ಟುಕೊಳ್ಳೋಣ. ಹತ್ತು ಮನೆ, ಒಟ್ಟು 700 ಚದರ ಮೀಟರ್. ವರ್ಷದ ಹೀಟಿಂಗ್ ಖರ್ಚು 14,000 ಯೂರೋ. ಎಲ್ಲ ಮನೆಗಳ ಯೂನಿಟ್ ಸೇರಿ 10,000. ಶೇ. 30, ಅಂದರೆ 4,200 ಯೂರೋ, ವಿಸ್ತೀರ್ಣದ ಮೇಲೆ ಹೋಗುತ್ತದೆ. ಚದರ ಮೀಟರಿಗೆ 6 ಯೂರೋ. ಉಳಿದ 9,800 ಯೂರೋವನ್ನು 10,000 ಯೂನಿಟ್‌ಗೆ ಹಂಚಿದರೆ ಯೂನಿಟ್‌ಗೆ 98 ಸೆಂಟ್. ನಿಮ್ಮ ಮನೆ 70 ಚದರ ಮೀಟರ್, 600 ಯೂನಿಟ್ ಆಗಿದೆ ಅಂದುಕೊಳ್ಳಿ. 420 ಮತ್ತು 588 ಸೇರಿ 1,008 ಯೂರೋ.

ಮುಂದಿನ ವರ್ಷ ಹೆಚ್ಚಿನವರು ಹುಷಾರಾದರು. ಕಟ್ಟಡದ ಒಟ್ಟು ಯೂನಿಟ್‌ಗಳನ್ನು ಶೇ. 30ರಷ್ಟು ಇಳಿಸಿದರು. ಆದರೆ ಬಾಯ್ಲರ್ ಹಳೆಯದು, ಪೈಪುಗಳಿಗೆ ಹೊದಿಕೆ ಇಲ್ಲ, ನೀರು ಮೊದಲಿನಷ್ಟೇ ಬಿಸಿಯಾಗಿ ಸುತ್ತುತ್ತಿದೆ. ಹಾಗಾಗಿ ಖರ್ಚು ಇಳಿದದ್ದು ಶೇ. 15 ಮಾತ್ರ, 11,900 ಯೂರೋಗೆ. ಈಗ ಯೂನಿಟ್ ಬೆಲೆ 98 ಸೆಂಟ್ ಅಲ್ಲ, 1 ಯೂರೋ 19 ಸೆಂಟ್. ನೀವು 600ರಿಂದ 420ಕ್ಕೆ ಇಳಿಸಿದ್ದೀರಿ, ಆದರೂ ಬಿಲ್ಲು 857 ಯೂರೋ. ಶೇ. 30 ಉಳಿಸಿದವರಿಗೆ ಶೇ. 15ರ ಫಲ. ಅದೇ ಕಟ್ಟಡದಲ್ಲಿ ಹಸುಗೂಸು ಇದೆ ಅಂತಲೋ ವಯಸ್ಸಾದ ಅಮ್ಮ ಇದ್ದಾರೆ ಅಂತಲೋ 600 ಯೂನಿಟ್‌ನಲ್ಲೇ ಉಳಿದವರ ಬಿಲ್ಲು 1,008ರಿಂದ 1,071ಕ್ಕೆ ಏರಿತು. ಒಂದು ಯೂನಿಟ್ ಕೂಡ ಜಾಸ್ತಿ ಬಳಸದೆ! ನೆಲಮಾಳಿಗೆಯಲ್ಲಿ ಆದ ಪೋಲು ಹೀಗೆ ಯೂನಿಟ್ ಬೆಲೆಯೊಳಗೆ ಅಡಗಿ ಕೂರುತ್ತದೆ. ಬಿಲ್ಲಿನಲ್ಲಿ ಅದಕ್ಕೆಂದು ಬೇರೆ ಸಾಲು ಇರುವುದಿಲ್ಲ.

ಹಳೆಯ ಪೂರ್ವ ಜರ್ಮನಿಯ ಕಾಂಕ್ರೀಟ್ ಹಲಗೆಗಳ ಕಟ್ಟಡಗಳಲ್ಲಿ ಇದು ಇನ್ನೂ ವಿಚಿತ್ರವಾಗುತ್ತದೆ. ಅಲ್ಲಿ ಎಷ್ಟೋ ಕಡೆ ಒಂದೇ ಪೈಪು ಮನೆಯಿಂದ ಮನೆಗೆ ಹಾದು ಹೋಗುತ್ತದೆ. ಪೈಪು ಗೋಡೆಯೊಳಗೆ ಹುದುಗದೆ ಕೋಣೆಯಲ್ಲೇ, ಮೈಮೇಲೆ ಏನೂ ಹೊದಿಕೆ ಇಲ್ಲದೆ ಇರುತ್ತದೆ. ರೇಡಿಯೇಟರ್ ಮುಚ್ಚಿದರೂ ಆ ಪೈಪಿನ ಬಿಸಿಯಿಂದಲೇ ಕೋಣೆ ಬೆಚ್ಚಗಿರುತ್ತದೆ. ಬಿಳಿ ಡಬ್ಬಿಗೆ ಇದೆಲ್ಲ ಗೊತ್ತೇ ಆಗುವುದಿಲ್ಲ. ಸುಮಾರು ಮೂರನೇ ಒಂದು ಭಾಗಕ್ಕಿಂತ ಕಡಿಮೆ ಶಾಖ ಮಾತ್ರ ಮೀಟರಿನ ಲೆಕ್ಕಕ್ಕೆ ಸಿಕ್ಕರೆ, ಪೈಪಿನ ಶಾಖವನ್ನು ಬೇರೆಯಾಗಿ ಲೆಕ್ಕ ಹಾಕಿ ಸರಿಪಡಿಸುವ ತಾಂತ್ರಿಕ ವಿಧಾನ ಇದೆ. ಆದರೆ ಈ ನಿಯಮ ಕಣ್ಣಿಗೆ ಕಾಣುವ ಪೈಪುಗಳಿಗೆ ಮಾತ್ರ, ನೆಲದೊಳಗೆ ಹುದುಗಿಸಿದ ಪೈಪುಗಳಿಗೆ ಎಳೆಯಲು ಬರುವುದಿಲ್ಲ ಅಂತ 2017ರಲ್ಲಿ ಇಲ್ಲಿನ ಅತ್ಯುನ್ನತ ಸಿವಿಲ್ ನ್ಯಾಯಾಲಯ ತೀರ್ಪು ಕೊಟ್ಟಿತು. ಶಾಖ ಎರಡೂ ಕಡೆ ಒಂದೇ ಥರ ಸೋರುತ್ತದೆ. ಕಾನೂನಿನ ಕಣ್ಣಿಗೆ ಮಾತ್ರ ಅದು ಬೇರೆ ಬೇರೆ.

ಪೋಲಾಗಲು ಇನ್ನೊಂದು ಕಾರಣ ಇದೆ, ಮತ್ತು ಅದನ್ನು ಸರಿಪಡಿಸಲು ದೊಡ್ಡ ಬಂಡವಾಳವೂ ಬೇಡ. ಪಂಪಿಗೆ ಹತ್ತಿರದ ರೇಡಿಯೇಟರ್‌ಗಳಿಗೆ ನೀರು ಸುಲಭವಾಗಿ ನುಗ್ಗುತ್ತದೆ. ಕೊನೆಯ ಮಹಡಿಯ ತುದಿಮನೆಗೆ ತಲುಪುವಷ್ಟರಲ್ಲಿ ಒತ್ತಡ ಇಳಿದಿರುತ್ತದೆ. ಮಂಡ್ಯ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಾಲೆಯ ತಲೆಭಾಗದ ಗದ್ದೆಗೆ ನೀರು ತುಂಬಿ ಹರಿಯುತ್ತದೆ, ಕೊನೆಭಾಗದ ರೈತ ಕಾಯುತ್ತಾ ಕೂರುತ್ತಾನೆ. ತುದಿಮನೆಯವರು ಚಳಿ ಅಂತ ದೂರು ಕೊಡುತ್ತಾರೆ. ಹೌಸ್‌ಮೈಸ್ಟರ್ ಹೋಗಿ ಪಂಪನ್ನು ಜೋರು ಮಾಡುತ್ತಾರೆ, ಇಲ್ಲವೇ ಹೀಟಿಂಗ್ ಕರ್ವ್ ಏರಿಸುತ್ತಾರೆ. ತುದಿಮನೆ ಬೆಚ್ಚಗಾಗುತ್ತದೆ, ದೂರು ನಿಲ್ಲುತ್ತದೆ. ಆದರೆ ಇಡೀ ಕಟ್ಟಡಕ್ಕೆ ಬೇಕಿಲ್ಲದಷ್ಟು ಬಿಸಿ ನೀರು ಸುತ್ತಲು ಶುರುವಾಗುತ್ತದೆ. ಯಾರೂ ಅದನ್ನು ಮತ್ತೆ ಇಳಿಸುವುದಿಲ್ಲ, ಯಾಕೆಂದರೆ ಹೌಸ್‌ಮೈಸ್ಟರ್‌ಗೆ ದೂರು ಬರುವುದು ಚಳಿಯಾದಾಗ ಮಾತ್ರ. ಗ್ಯಾಸ್ ಬಿಲ್ಲು ಏರಿದ್ದಕ್ಕೆ ಅವರಿಗೆ ಯಾರೂ ಫೋನ್ ಮಾಡುವುದಿಲ್ಲ.

ಇದಕ್ಕೆ ಸರಿಯಾದ ಪರಿಹಾರ ಪ್ರತಿ ರೇಡಿಯೇಟರಿನ ವಾಲ್ವಿನಲ್ಲಿ ಎಷ್ಟು ನೀರು ಹೋಗಬೇಕು ಅಂತ ಲೆಕ್ಕ ಹಾಕಿ ಹೊಂದಿಸುವುದು. ಹೈಡ್ರಾಲಿಕ್ ಬ್ಯಾಲೆನ್ಸಿಂಗ್ ಅಂತ ಹೆಸರು. 2022ರಲ್ಲಿ ರಷ್ಯಾದ ಗ್ಯಾಸ್ ನಿಂತಾಗಲೇ ಸರ್ಕಾರ ಇದನ್ನು ಕಡ್ಡಾಯ ಮಾಡಿದ್ದು. ಗ್ಯಾಸ್ ಹೀಟಿಂಗ್ ಇರುವ, ಹತ್ತು ಅಥವಾ ಹೆಚ್ಚು ಮನೆಗಳ ಕಟ್ಟಡಗಳಿಗೆ 2023ರ ಸೆಪ್ಟೆಂಬರ್ ಕೊನೆ, ಆರರಿಂದ ಮೇಲಿನವಕ್ಕೆ 2024ರ ಸೆಪ್ಟೆಂಬರ್ ಮಧ್ಯದ ಗಡುವು. ಮನೆಯಲ್ಲಿ ಮೀಟರ್ ಇಡಲು 1981ರಲ್ಲೇ ಕಾನೂನು ಬಂತು, ಹಳೆಯ ಕಟ್ಟಡಗಳಲ್ಲಿ ನೀರು ಸರಿಯಾಗಿ ಹಂಚುವುದನ್ನು ಹೀಗೆ ಕಡ್ಡಾಯ ಮಾಡಲು 41 ವರ್ಷ ಬೇಕಾಯಿತು. ಯಾರನ್ನು ಅಳೆಯುವುದು ಸುಲಭ ಅಂತ ಕಾನೂನು ನೋಡಿತು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಅದೇ 2022ರಲ್ಲಿ ಬಾಯ್ಲರ್ ಯಾರ ಕೈಯಲ್ಲಿದೆ ಅನ್ನುವುದೂ ಎಲ್ಲರ ಕಣ್ಣಿಗೆ ಬಿತ್ತು. ಜುಲೈನಲ್ಲಿ ಸ್ಯಾಕ್ಸನಿಯ ಡಿಪ್ಪೋಲ್ಡಿಸ್ವಾಲ್ಡೆ ಎಂಬ ಸಣ್ಣ ಊರಿನ ಒಂದು ವಸತಿ ಸಹಕಾರ ಸಂಘ ಬಿಸಿನೀರಿಗೆ ಹೊತ್ತು ಗೊತ್ತುಮಾಡಿತು. ಬೆಳಗಿನ 4ರಿಂದ 8, ಮಧ್ಯಾಹ್ನ 11ರಿಂದ 1, ಸಂಜೆ 5ರಿಂದ 9. ಉಳಿದ ಹೊತ್ತು ತಣ್ಣೀರು. ದೇಶದ ಅತಿ ದೊಡ್ಡ ಮನೆ ಮಾಲೀಕ ಕಂಪನಿ ವೊನೋವಿಯಾ, ರಾತ್ರಿ 11ರಿಂದ ಬೆಳಗಿನ 6ರವರೆಗೆ ಮನೆಗಳ ಬಿಸಿಯನ್ನು 17 ಡಿಗ್ರಿಗೆ ಇಳಿಸುವುದಾಗಿ ಹೇಳಿತು. ಉದ್ದೇಶ ಗ್ಯಾಸ್ ಉಳಿಸುವುದು, ಅದನ್ನು ತಪ್ಪು ಅನ್ನಲಾಗದು. ಆದರೆ ಪಾಳಿ ಮುಗಿಸಿ ರಾತ್ರಿ 10ಕ್ಕೆ ಮನೆಗೆ ಬರುವ ನರ್ಸ್ ಸ್ನಾನ ಮಾಡಬೇಕೋ ಬೇಡವೋ ಅನ್ನುವುದನ್ನು ನೆಲಮಾಳಿಗೆಯ ಟೈಮರ್ ತೀರ್ಮಾನಿಸುತ್ತದೆ ಅಂದರೆ, ಆಕೆಯ ಮನೆಯ ಮೀಟರ್ ಎಷ್ಟು ಸ್ಮಾರ್ಟ್ ಆಗಿದ್ದರೆ ಏನು ಪ್ರಯೋಜನ?

ಬಿಸಿನೀರಿನ ವಿಷಯ ಹೀಟಿಂಗ್‌ಗಿಂತ ಕಗ್ಗಂಟು. ಕೋಣೆಯ ಹೀಟಿಂಗ್ ನೀರನ್ನು ಕಡಿಮೆ ಬಿಸಿಯಲ್ಲಿ ಓಡಿಸಬಹುದು, ಕುಡಿಯುವ ನೀರಿನ ಜಾಲದ ಬಿಸಿನೀರನ್ನು ಹಾಗೆ ಮಾಡಲು ಬರುವುದಿಲ್ಲ. ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ 25ರಿಂದ 45 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಚೆನ್ನಾಗಿ ಬೆಳೆಯುತ್ತದೆ. ಶವರಿನ ಹನಿಗಳ ಜೊತೆ ಉಸಿರಿಗೆ ಹೋದರೆ ನ್ಯುಮೋನಿಯಾ ತರುತ್ತದೆ. 1976ರಲ್ಲಿ ಫಿಲಡೆಲ್ಫಿಯಾದ ಹೋಟೆಲಿನಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರಿಗೆ ಈ ಕಾಯಿಲೆ ಹರಡಿದ ಮೇಲೆ ಇದು ಪತ್ತೆಯಾದದ್ದು. ಹಾಗಾಗಿ ಜರ್ಮನಿಯ ದೊಡ್ಡ ಕಟ್ಟಡಗಳಲ್ಲಿ ನೀರು ತೊಟ್ಟಿಯಿಂದ 60 ಡಿಗ್ರಿಯಲ್ಲಿ ಹೊರಡಬೇಕು, ಪೈಪಿನಲ್ಲಿ ಸುತ್ತಿ 55 ಡಿಗ್ರಿಗಿಂತ ತಣ್ಣಗಾಗದೆ ವಾಪಸ್ ಬರಬೇಕು. 400 ಲೀಟರಿಗಿಂತ ದೊಡ್ಡ ತೊಟ್ಟಿ ಇರುವ ಬಾಡಿಗೆ ಕಟ್ಟಡಗಳಲ್ಲಿ ಮೂರು ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಕಡ್ಡಾಯ.

ಅಂದರೆ ನೀವು ನಲ್ಲಿ ತೆರೆಯಲಿ ಬಿಡಲಿ, ಬಿಸಿನೀರು ಹೆಚ್ಚುಕಡಿಮೆ ದಿನವಿಡೀ ಪೈಪಿನಲ್ಲಿ ಸುತ್ತುತ್ತಲೇ ಇರುತ್ತದೆ, ಸುತ್ತುತ್ತಾ ತಣ್ಣಗಾಗುತ್ತದೆ, ಬಾಯ್ಲರ್ ಮತ್ತೆ ಕಾಯಿಸುತ್ತದೆ. ಇದರಲ್ಲಿ ಎಷ್ಟು ಪೋಲಾಗುತ್ತದೆ ಅನ್ನುವ ಸುಳಿವು ಕಾನೂನಿನೊಳಗೇ ಇದೆ. ಬಿಸಿನೀರಿಗೆ ಹೋದ ಶಾಖವನ್ನು ಮೀಟರ್ ಇಟ್ಟು ಅಳೆಯಲು ಆಗದ ಕಡೆ ಒಂದು ಸೂತ್ರ ಬಳಸಬೇಕು: ನೀರು ಎಷ್ಟು ಘನ ಮೀಟರ್ ಅನ್ನುವುದನ್ನು, 10 ಡಿಗ್ರಿಯಿಂದ ಎಷ್ಟು ಡಿಗ್ರಿ ಏರಿಸಿದರು ಅನ್ನುವುದರಿಂದ ಗುಣಿಸಿ, ಆಮೇಲೆ 2.5ರಿಂದ ಗುಣಿಸಬೇಕು. ಭೌತಶಾಸ್ತ್ರದ ಪ್ರಕಾರ ಒಂದು ಘನ ಮೀಟರ್ ನೀರನ್ನು ಒಂದು ಡಿಗ್ರಿ ಏರಿಸಲು ಬೇಕಾದದ್ದು ಸುಮಾರು 1.16 ಕಿಲೋವ್ಯಾಟ್ ಅವರ್ ಮಾತ್ರ. 10ರಿಂದ 60 ಡಿಗ್ರಿಗೆ ತರಲು 58 ಸಾಕು, ಸೂತ್ರ 125 ಅನ್ನುತ್ತದೆ. ಅರ್ಧಕ್ಕಿಂತ ಜಾಸ್ತಿ ದಾರಿಯಲ್ಲೇ ಹೋಗುತ್ತದೆ ಅಂತ ಕಾನೂನೇ ಒಪ್ಪಿಕೊಂಡ ಹಾಗಾಯಿತು. ಪೈಪಿಗೆ ಒಳ್ಳೆಯ ಹೊದಿಕೆ ಹಾಕಿದರೆ ಇದು ಇಳಿಯುತ್ತದೆ. ಹಾಕಬೇಕಾದವರು ಮಾಲೀಕರು. ಹಾಕದಿದ್ದರೆ ಕಟ್ಟಬೇಕಾದವರು ಬಾಡಿಗೆದಾರರು.

ನಿರ್ಧಾರ ಒಬ್ಬರದು, ಖರ್ಚು ಇನ್ನೊಬ್ಬರದು. ಮೀಟರಿನ ವ್ಯಾಪಾರವೂ ಹೀಗೇ ನಡೆದಿದೆ. ಡಬ್ಬಿ ಅಂಟಿಸಿ, ಓದಿ, ಬಿಲ್ಲು ಮಾಡಿಕೊಡುವುದಕ್ಕೇ ಇಲ್ಲಿ ಕಂಪನಿಗಳಿವೆ. 2017ರಲ್ಲಿ ಜರ್ಮನಿಯ ಸ್ಪರ್ಧಾ ಆಯೋಗ ಈ ಮಾರುಕಟ್ಟೆಯ ತನಿಖಾ ವರದಿ ಹೊರತಂದಿತು. ಟೆಕೆಮ್ ಮತ್ತು ಇಸ್ಟಾ ಎಂಬ ಎರಡೇ ಕಂಪನಿಗಳ ಕೈಯಲ್ಲಿ ಅರ್ಧಕ್ಕಿಂತ ಹೆಚ್ಚು ಮಾರುಕಟ್ಟೆ, ಮೊದಲ ಐದರ ಕೈಯಲ್ಲಿ ಶೇ. 80ಕ್ಕಿಂತ ಹೆಚ್ಚು ಇದೆ ಅಂತ ಕಂಡುಬಂತು. ಕಂಪನಿಯನ್ನು ಆರಿಸುವುದು ಮಾಲೀಕರು, ಅದರ ಶುಲ್ಕ ಹೋಗುವುದು ಬಾಡಿಗೆದಾರರ ಬಿಲ್ಲಿಗೆ. ಕಡಿಮೆ ಬೆಲೆಯವರನ್ನು ಹುಡುಕುವ ತೊಂದರೆ ಯಾರು ತಗೋತಾರೆ? ಈಗ ಹೊಸ ಮೀಟರ್‌ಗಳ ಬಾಡಿಗೆಯೂ ಅದೇ ದಾರಿ ಹಿಡಿದಿದೆ.

2023ರ ಜನವರಿಯಲ್ಲಿ ಮಾತ್ರ ಒಂದು ನಿಜವಾದ ಬದಲಾವಣೆ ಆಯಿತು. ಗ್ಯಾಸ್, ಎಣ್ಣೆ ಉರಿಸಿದ್ದಕ್ಕೆ ಜರ್ಮನಿ ಇಂಗಾಲದ ಶುಲ್ಕ ಹಾಕುತ್ತದೆ. 2021ರಲ್ಲಿ ಟನ್ನಿಗೆ 25 ಯೂರೋ ಇದ್ದದ್ದು 2025ಕ್ಕೆ 55 ಯೂರೋ ಆಯಿತು. ಮೊದಲು ಇದನ್ನೂ ಪೂರ್ತಿ ಬಾಡಿಗೆದಾರರೇ ಕಟ್ಟುತ್ತಿದ್ದರು. ಈಗ ಹತ್ತು ಮೆಟ್ಟಿಲಿನ ಪಟ್ಟಿ ಇದೆ. ಕಟ್ಟಡ ವರ್ಷಕ್ಕೆ ಚದರ ಮೀಟರಿಗೆ 12 ಕಿಲೋಗಿಂತ ಕಡಿಮೆ ಇಂಗಾಲದ ಡೈಆಕ್ಸೈಡ್ ಉಗುಳಿದರೆ ಮಾಲೀಕರಿಗೆ ಖರ್ಚಿಲ್ಲ. ಕೆಟ್ಟ ಕಟ್ಟಡವಾಗಿ 52 ಕಿಲೋ ದಾಟಿದರೆ ಶೇ. 95 ಮಾಲೀಕರೇ ಕೊಡಬೇಕು. ನಡುವಿನವರು ಮೆಟ್ಟಿಲು ಮೆಟ್ಟಿಲಾಗಿ ಹಂಚಿಕೊಳ್ಳಬೇಕು. ಕಟ್ಟಡ ಕೆಟ್ಟದಾಗಿದ್ದರೆ ಅದರ ಪಾಲು ಕಟ್ಟಡದವರಿಗೆ ಅನ್ನುವ ಮಾತನ್ನು ಕಾನೂನು ಹೀಗೆ ಅಂಕಿಯಲ್ಲಿ ಬರೆಯಿತು. ಈ ಇಡೀ ಕಥೆಯಲ್ಲಿ ನನಗೆ ಅತ್ಯಂತ ನ್ಯಾಯವಾಗಿ ಕಂಡ ನಿಯಮ ಇದು. ಆದರೆ ಅದು ಇಂಗಾಲದ ಶುಲ್ಕಕ್ಕೆ ಮಾತ್ರ ಅನ್ವಯ. ಬಿಲ್ಲಿನ ದೊಡ್ಡ ಭಾಗವಾದ ಗ್ಯಾಸಿನ ಬೆಲೆಗೆ ಅಲ್ಲ.

ಬೆಂಗಳೂರಿನಲ್ಲಿ ಯಾರಿಗೂ ರೇಡಿಯೇಟರ್ ಬೇಡ. ಆದರೂ ಇದೇ ಗಂಟು ಅಲ್ಲೂ ಬೀಳುತ್ತಿದೆ. ಕರ್ನಾಟಕ 2007ರಲ್ಲೇ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡುವ ಆದೇಶ ತಂದಿತು. ತಾರಸಿಯ ಮೇಲಿನ ತೊಟ್ಟಿಯಿಂದ ಬಿಸಿನೀರು ಕೆಳಗಿಳಿಯುವ ಅಪಾರ್ಟ್‌ಮೆಂಟ್‌ಗಳಲ್ಲಿ ಕೆಳಮಹಡಿಯವರು ಬಿಸಿನೀರು ಬರುವ ತನಕ ಬಕೆಟ್‌ಗಟ್ಟಲೆ ತಣ್ಣೀರು ಬಿಡುತ್ತಾರೆ. ಮೋಡದ ದಿನ ಹೀಟರ್ ಓಡಿದರೆ ಆ ಕರೆಂಟು ಕಾಮನ್ ಮೀಟರಿಗೆ, ಅಲ್ಲಿಂದ ಚದರಡಿ ಲೆಕ್ಕದಲ್ಲಿ ಎಲ್ಲರ ಮೇಂಟೆನೆನ್ಸ್‌ಗೆ. ಮನೆಗೊಂದು ಬಿಸಿನೀರಿನ ಮೀಟರ್ ಹಾಕಿಸೋಣ ಅಂತ ಅಸೋಸಿಯೇಷನ್ ಸಭೆಯಲ್ಲಿ ಮಾತು ಬಂದರೆ, ಜರ್ಮನಿಯ ಅನುಭವ ಹೇಳುವುದು ಇಷ್ಟು: ಮೊದಲು ಪೈಪಿಗೆ ಹೊದಿಕೆ ಹಾಕಿಸಿ, ತೊಟ್ಟಿಯಿಂದ ಹೊರಡುವ ಒಟ್ಟು ಶಾಖಕ್ಕೊಂದು ಮೀಟರ್ ಇಡಿಸಿ, ಮನೆಗಳ ಮೀಟರ್ ಆಮೇಲೆ.

ಜರ್ಮನಿಯಲ್ಲಿ ಇರುವವರು ಈಗಿನ ಕಾನೂನಿನಲ್ಲೇ ಒಂದಷ್ಟು ಕೇಳಬಹುದು. ಲೆಕ್ಕದ ವರ್ಷ ಮುಗಿದ ಹನ್ನೆರಡು ತಿಂಗಳೊಳಗೆ ಬಿಲ್ಲು ನಿಮ್ಮ ಕೈ ಸೇರಬೇಕು. ತಡವಾದರೆ, ತಪ್ಪು ಮಾಲೀಕರದಲ್ಲ ಅನ್ನುವ ಸಂದರ್ಭ ಬಿಟ್ಟು, ಹೆಚ್ಚುವರಿ ದುಡ್ಡು ಕೇಳುವ ಹಾಗಿಲ್ಲ. ಬಿಲ್ಲು ಬಂದಮೇಲೆ ಆಕ್ಷೇಪ ಹೇಳಲು ನಿಮಗೂ ಹನ್ನೆರಡು ತಿಂಗಳಿದೆ. ಗ್ಯಾಸ್ ಕಂಪನಿಯ ಮೂಲ ಬಿಲ್ಲುಗಳನ್ನು ತೋರಿಸಿ ಅಂತ ಕೇಳುವ ಹಕ್ಕಿದೆ. ಬಳಕೆಗೆ ತಕ್ಕಂತೆ ಹಂಚಬೇಕಾದ ಕಡೆ ಹಂಚದಿದ್ದರೆ ನಿಮ್ಮ ಪಾಲಿನಲ್ಲಿ ಶೇ. 15 ಕಡಿತ ಮಾಡಬಹುದು. ದೂರದಿಂದ ಓದುವ ಮೀಟರ್ ಹಾಕಬೇಕಾದಾಗ ಹಾಕದಿದ್ದರೆ ಶೇ. 3, ತಿಂಗಳ ಮಾಹಿತಿ ಕೊಡಬೇಕಾದಾಗ ಕೊಡದಿದ್ದರೆ ಇನ್ನೊಂದು ಶೇ. 3. ಇಂಗಾಲದ ಶುಲ್ಕ ಯಾರಿಗೆ ಎಷ್ಟು ಅನ್ನುವ ಸಾಲು ಬಿಲ್ಲಿನಲ್ಲಿ ಇದೆಯೇ ಅಂತಲೂ ನೋಡಿ.

ಇನ್ನೊಂದು ಕೆಲಸ ಮಾಡಬಹುದು. ಹೋದ ವರ್ಷದ ಬಿಲ್ಲು ತೆಗೆದು ಈ ವರ್ಷದ್ದರ ಪಕ್ಕ ಇಡಿ. ಗ್ಯಾಸಿನ ಬೆಲೆ ಹೆಚ್ಚುಕಡಿಮೆ ಅಷ್ಟೇ ಇದ್ದು, ಯೂನಿಟ್ ಬೆಲೆ ಏರಿದ್ದರೆ, ಪೋಲು ನೆಲಮಾಳಿಗೆಯಲ್ಲೋ ಪೈಪಿನಲ್ಲೋ ಇರುವ ಸಾಧ್ಯತೆ ಜಾಸ್ತಿ. ಹೈಡ್ರಾಲಿಕ್ ಬ್ಯಾಲೆನ್ಸಿಂಗ್ ಯಾವಾಗ ಆಯಿತು, ಹೀಟಿಂಗ್ ಕರ್ವ್ ಯಾರು ಹೊಂದಿಸಿದರು, ಬಿಸಿನೀರಿನ ಪೈಪಿಗೆ ಹೊದಿಕೆ ಇದೆಯೇ ಅಂತ ಮಾಲೀಕರಿಗೆ ಬರೆದು ಕೇಳಿ. ಒಬ್ಬರೇ ಕೇಳಿದರೆ ಉತ್ತರ ಬರುವುದು ಕಷ್ಟ, ನಾಲ್ಕಾರು ಮನೆಯವರು ಸಹಿ ಹಾಕಿದರೆ ಬರುತ್ತದೆ. ಊರೂರಲ್ಲಿ ಬಾಡಿಗೆದಾರರ ಸಂಘಗಳಿವೆ, ವರ್ಷದ ಚಂದಾ ಕಟ್ಟಿದರೆ ಬಿಲ್ಲು ಓದಿ ಹೇಳುತ್ತಾರೆ.

ಕಾನೂನು ಮಾಡುವವರಿಂದ ಆಗಬೇಕಾದದ್ದು ಬೇರೆ. ಬಾಡಿಗೆದಾರನಿಗೆ ತಿಂಗಳು ತಿಂಗಳು ಹೋಗುವ ಆ ಮಾಹಿತಿಯಲ್ಲಿ ಇನ್ನೆರಡು ಅಂಕಿ ಸೇರಬೇಕು: ಬಾಯ್ಲರ್ ಈ ತಿಂಗಳು ಎಷ್ಟು ಗ್ಯಾಸ್ ನುಂಗಿತು, ಅದರಲ್ಲಿ ಎಷ್ಟು ಶಾಖ ಮನೆಗಳನ್ನು ತಲುಪಿತು. ಈ ಎರಡರ ನಡುವಿನ ಅಂತರ ಒಂದು ಮಿತಿ ದಾಟಿದರೆ, ದಾಟಿದಷ್ಟರ ಖರ್ಚು ಇಂಗಾಲದ ಶುಲ್ಕದ ಹಾಗೇ ಮೆಟ್ಟಿಲು ಮೆಟ್ಟಿಲಾಗಿ ಮಾಲೀಕರ ಪಾಲಿಗೆ ಹೋಗಬೇಕು. ದೂರದಿಂದ ಓದುವ ಮೀಟರ್ ಹೇಗೂ ಎಲ್ಲ ಕಡೆ ಬರುತ್ತಿದೆ. ನೆಲಮಾಳಿಗೆಯಲ್ಲೂ ಒಂದು ಇಡಲು ದೊಡ್ಡ ಖರ್ಚೇನೂ ಆಗುವುದಿಲ್ಲ.